ತಲೆಗೆ ಎಂಟುನೂರು

ಸರಕಾರಿ ನೌಕರ ಹಗಲು ಹೊತ್ತು ಮನೆಯಲ್ಲಿದ್ದರೆ ಏನೇನು ಕಣ್ಣಿಗೆ ಬೀಳುತ್ತದೆ ಎಂಬುದು ದೇವಿದಾಸನಿಗೆ ತಿಳಿದದ್ದು ಸಕಲ ಜನುಲ ಸಮ್ಮೆಯ ದಿನಗಳಲ್ಲಿ. ತೆಲಂಗಾಣಕ್ಕಾಗಿ ನಡೆದ ಆ ಮುಷ್ಕರದಲ್ಲಿ ನಾರಾಯಣಖೇಡದ ಕಚೇರಿಗಳಿಗೆ ಬೀಗ ಬಿದ್ದಿತ್ತು, ಬಸ್ಸುಗಳು ಡಿಪೋದಲ್ಲಿ ಮಲಗಿದ್ದವು, ಗುಮಾಸ್ತ ದೇವಿದಾಸನ ಪಗಾರವೂ ನಿಂತಿತ್ತು. ಆ ದಿನ ಅವನು ಧರಣಿಯ ಟೆಂಟಿಗೆ ಬ್ಯಾನರು ಬರೆಯಲು ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ್ದ. ನೀಲಿ ಬಣ್ಣ ಕಲಸುತ್ತ ಸುಮ್ಮನೆ ಕತ್ತೆತ್ತಿ ಪಕ್ಕದ ಮನೆಯ ಗೋಡೆಯಾಚೆ ನೋಡಿದ.

ಪಕ್ಕದ ಮನೆ ಜೈಪಾಲನದು. ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟವನು. ಹೆಂಡತಿ ಸ್ವರೂಪಾ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂಡುತ್ತಿದ್ದಳು. ದೇವಿದಾಸನ ಹೆಂಡತಿ ಸುಜಾತಾ ಖಾಸಗಿ ದವಾಖಾನೆಯಲ್ಲಿ ನರ್ಸು. ಹೀಗಾಗಿ ಎರಡೂ ಮನೆಗೆ ಸೇರಿ ಒಬ್ಬಳೇ ಆಯಾ, ಸಕ್ಕುಬಾಯಿ. ಅವಳು ಜೈಪಾಲನ ಮನೆಯಲ್ಲೇ ಎಲ್ಲ ಮಕ್ಕಳನ್ನೂ ನೋಡಿಕೊಳ್ಳಬೇಕು, ಮನೆಗೆ ಸಾವಿರದ ಇನ್ನೂರರಂತೆ ತಿಂಗಳಿಗೆ ಪಗಾರ ಪಡೆಯಬೇಕು. ಇದು ಹೆಂಗಸರಿಬ್ಬರ ಕರಾರು.

ಗೋಡೆಯಾಚೆ ಸಕ್ಕುಬಾಯಿ ಕಾಲಿನಿಂದ ಜೈಪಾಲನ ಕಿರಿಯ ಮಗಳ ತೊಟ್ಟಿಲು ತೂಗುತ್ತಿದ್ದಳು, ಕೈಯಿಂದ ಹಿರಿಯ ಮಗನಿಗೆ ಅನ್ನ ತಿನ್ನಿಸುತ್ತಿದ್ದಳು. ದೇವಿದಾಸನ ಒಂದೂವರೆ ವರ್ಷದ ಮಗ ಮಾತ್ರ ದೂರ ಕುಳಿತು, ಮದುವೆ ಪಂಕ್ತಿಯಲ್ಲಿ ಬಡಿಸುವವರು ದಾಟಿ ಹೋದ ನೆಂಟನಂತೆ, ಖಾಲಿ ಡಬ್ಬಿ ಬಡಿಯುತ್ತಿದ್ದ.

ದೇವಿದಾಸನ ಮೈ ಉರಿಯಿತು.

“ಸಕ್ಕುಬಾಯಿ, ನಿನ್ನ ಕೈ ಅವರಿಗಿ, ಕಾಲು ಅವರಿಗಿ. ನಮ್ಮ ಹುಡುಗಗ ಏನು ಉಳೀತು?”

“ಅವಂದು ಊಟ ಆಗ್ಯಾದ್ರಿ ಸಾಬ್. ಆಡಾಕತ್ತಾನ.”

“ಅವರವು ಎರಡು, ನಮ್ಮದು ಒಂದು. ರೊಕ್ಕ ಮಾತ್ರ ಅರ್ಧರ್ಧ. ಇದು ಯಾವ ಇನ್ಸಾಫು?”

“ಅದು ನೀವು ನೀವು ಮಾತಾಡ್ಕೋರಿ. ನಂದು ನನಗ ಬಂದ್ರ ಆತು.”

ದೇವಿದಾಸ ಗೋಡೆ ಸುತ್ತಿ ಹೋಗಿ ಮಗನನ್ನು ಎತ್ತಿಕೊಂಡು ಬಂದ. ಲೆಕ್ಕ ಸರಿಯಾಗುವವರೆಗೆ ತಾನೇ ನೋಡಿಕೊಳ್ಳುವುದೆಂದು ನಿಶ್ಚಯಿಸಿ, ಮಗನನ್ನು ಅಂಗಳದಲ್ಲಿ ಬಿಟ್ಟು ಕುಂಚ ಹಿಡಿದ. ‘ಅನ್ಯಾಯ ಸಹಿಸುವುದಿಲ್ಲ’ ಎಂದು ತೆಲುಗಿನಲ್ಲಿ ದಪ್ಪಕ್ಷರ ಬರೆದು ಮುಗಿಸಿ ತಿರುಗಿದರೆ, ಹುಡುಗ ಬಣ್ಣದ ಡಬ್ಬಿಯೊಳಗೆ ಎರಡೂ ಕೈ ಅದ್ದಿ ಮುಖ ತೊಳೆದುಕೊಂಡಿದ್ದ. ಅಪ್ಪ ಓಡಿಬಂದದ್ದೇ ತಡ, ಬ್ಯಾನರಿನ ಮೇಲೆ ಉರುಳಿ ಅಕ್ಷರವನ್ನೆಲ್ಲ ಮೈಗೆ ಒರೆಸಿಕೊಂಡು, ಕೊನೆಯ ಪದದ ಮೇಲೆ ನಿಂತು ಉಚ್ಚೆ ಹೊಯ್ದ.

ಎದುರು ಮನೆಯ ಈರಮ್ಮ ಬಾಗಿಲಿಗೆ ಬಂದವಳು ನೀಲಿ ಮಗುವನ್ನು ಕಂಡು ಎದೆ ಬಡಿದುಕೊಂಡಳು. “ಯಪ್ಪಾ, ಕೂಸು ನೀಲಿ ಆಗ್ಯಾದ. ಏನು ಕುಡೀತು? ಜೈಪಾಲನ ಅಂಗಡಿ ಹುಳದ ಎಣ್ಣಿ ಏನರ ಕುಡೀತೇನು?”

ದೇವಿದಾಸ ಉತ್ತರ ಕೊಡುವ ಮೊದಲೇ ಆಕೆ ಓಣಿ ದಾಟಿದ್ದಳು. ಅವನು ತಿಕ್ಕಿದಷ್ಟೂ ಬಣ್ಣ ಮಗುವಿನ ಕಿವಿಯ ಸಂದಿಗೂ ತನ್ನ ಬನಿಯನ್ನಿಗೂ ಹರಡಿತು. ಕೊನೆಗೆ, ಇದಕ್ಕೆಲ್ಲ ಮೂಲ ಜೈಪಾಲನೇ ಎಂದು ಸಿಟ್ಟು ಇಮ್ಮಡಿಯಾಗಿ, ಮಗನನ್ನು ಬಗಲಿಗೆ ಏರಿಸಿಕೊಂಡು ಅಂಗಡಿಗೆ ನಡೆದ.

ಅಂಗಡಿಯ ಮುಂದೆ ಆಗಲೇ ಜಾತ್ರೆ ನೆರೆದಿತ್ತು. ಮುಷ್ಕರದಲ್ಲಿ ಕೆಲಸವಿಲ್ಲದವರಿಗೆ ಇಂಥದ್ದೇ ಬೇಕಿತ್ತು.

“ನಮ್ಮ ಔಷಧ ಕುಡದು ಕೂಸು ನೀಲಿ ಆತಂತ ಊರ ತುಂಬ ಹಬ್ಸೀರಿ?” ಜೈಪಾಲ ಕೆಂಡವಾಗಿದ್ದ. “ನಾ ಅಂಗಡಿ ನಡಸಬೇಕೋ ಬ್ಯಾಡೋ?”

“ನಾ ಬಂದದ್ದು ಅದಕ್ಕಲ್ಲ ಸೇಟ್. ಆಯಾನ ಪಗಾರದ ಮಾತಿಗಿ.”

ನಿವೃತ್ತ ಕಂಪೌಂಡರ್ ಮರೆಪ್ಪ ಜನರನ್ನು ಸರಿಸಿ ಬಂದು, ಮಗುವಿನ ನಾಲಗೆ ನೋಡಿ, ಕೆನ್ನೆ ಮೂಸಿ, “ಇದು ಬಣ್ಣ ಅದ” ಎಂದ. ಸೇರಿದವರಿಗೆ ಸ್ವಲ್ಪ ನಿರಾಸೆಯಾಯಿತು. ಬಂದದ್ದು ದಂಡವಾಗಬಾರದೆಂದು ಪಗಾರದ ಪಂಚಾಯ್ತಿಯನ್ನೇ ಕೈಗೆತ್ತಿಕೊಂಡರು.

“ಮನಿ ನಮ್ಮದು, ತೊಟ್ಟಿಲ ನಮ್ಮದು, ಮಧ್ಯಾಹ್ನದ ಅನ್ನ ನಮ್ಮದು. ಅದಕ್ಕ ಅರ್ಧರ್ಧ” ಎಂದ ಜೈಪಾಲ.

“ಆ ತೊಟ್ಟಿಲದಾಗ ನಮ್ಮಂವ ಒಂದು ದಿನ ಮಲಗ್ಯಾನೇನು? ಮರೆಪ್ಪ ಕಾಕಾ, ನೀವೇ ಹೇಳ್ರಿ. ತಲಿ ಎಣಿಸಬೇಕೋ, ಮನಿ ಎಣಿಸಬೇಕೋ?”

ವಾದ ಬಿಸಿಲೇರುವ ತನಕ ನಡೆಯಿತು. ಸಕ್ಕುಬಾಯಿಯನ್ನೂ ಇಬ್ಬರು ಮಕ್ಕಳ ಸಮೇತ ಕರೆಸಿದರು. ಮೂರು ಮಕ್ಕಳನ್ನೂ ಗೊಬ್ಬರದ ಚೀಲದ ಮೇಲೆ ಸಾಲಾಗಿ ಕೂಡಿಸಿ ಮರೆಪ್ಪ ಫೈಸಲಾ ಹೇಳಿದ: “ತಲಿಗಿ ಎಂಟುನೂರು. ಜೈಪಾಲಂದು ಎರಡು ತಲಿ, ದೇವಿದಾಸಂದು ಒಂದು.”

ಜೈಪಾಲ ಮುಖ ಗಂಟಿಕ್ಕಿದ. ದೇವಿದಾಸನಿಗೆ ಅಷ್ಟು ಸಾಲಲಿಲ್ಲ. ನಾಳೆ ಇವನು ತಿರುಗಿಬಿದ್ದರೆ? “ಎಲ್ಲರ ಮುಂದ ಒಪ್ಕೋರಿ ಸೇಟ್. ತಲಿ ಹೆಚ್ಚಾಗ್ಲಿ, ಕಡಿಮಿ ಆಗ್ಲಿ, ಇದೇ ಲೆಕ್ಕ. ಮಾತು ತಿರುಗಿಸಬಾರದು.”

“ಆಗ್ಲಿ” ಎಂದ ಜೈಪಾಲ, ಹಲ್ಲು ಕೀಳಿಸಿಕೊಂಡವನಂತೆ. ಸಕ್ಕುಬಾಯಿಯೂ ತಲೆಯಾಡಿಸಿದಳು.

ಮಗುವನ್ನು ಅವಳ ಕೈಗೆ ಕೊಟ್ಟು ದೇವಿದಾಸ ಎದೆ ಉಬ್ಬಿಸಿ ಮನೆಗೆ ಬಂದ. ಪಗಾರ ನಿಂತ ಕಾಲದಲ್ಲಿ ನಾಲ್ಕುನೂರು ಉಳಿಸಿದ್ದೇನು ಕಡಿಮೆಯೇ?

ಸಂಜೆ ಶೇರ್ ಆಟೋದಿಂದ ಇಳಿದ ಸುಜಾತಾಳಿಗೆ ಹೊಸ್ತಿಲಲ್ಲೇ ಎಲ್ಲವನ್ನೂ ಹೇಳಿದ. ಆಕೆ ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ನನಗೊಂದು ಮಾತು ಕೇಳ್ಬಾರದೇನ್ರಿ?”

“ಯಾಕ, ಏನಾತು?”

“ಎರಡು ತಿಂಗಳಿಂದ ಅನುಮಾನ ಇತ್ತು. ಇವತ್ತು ನಮ್ಮ ಡಾಕ್ಟರಮ್ಮ ಮಷಿನಿಗಿ ಹಚ್ಚಿ ನೋಡಿದ್ರು.” ಆಕೆ ಚೀಲದಿಂದ ಪೇಡಾದ ಪೊಟ್ಟಣ ತೆಗೆದಳು. “ಹೊಟ್ಟ್ಯಾಗ ಅವಳಿ ಅವ.”

ದೇವಿದಾಸನ ಮುಖದಲ್ಲಿ ಸಂತೋಷ ಅರ್ಧ ದಾರಿಗೆ ಬಂದು ನಿಂತಿತು. ಮೂರು ತಲೆ. ಎರಡು ಸಾವಿರದ ನಾಲ್ಕುನೂರು. ಬೆಳಿಗ್ಗೆ ಅನ್ಯಾಯ ಎಂದು ಕೂಗಿದ್ದರ ಸರಿಯಾಗಿ ಇಮ್ಮಡಿ.

ಅಷ್ಟರಲ್ಲಿ ಜೈಪಾಲ ಮಗುವನ್ನು ಬಿಡಲು ಬಂದ. ಸುದ್ದಿ ಕೇಳಿದ್ದೇ, ಎರಡು ಪೇಡಾ ಬಾಯಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಆರಾಮಾಗಿ ಕುಳಿತ.

“ಭಾಳ ಚಲೋ ಆತು ಸಾಬ್. ನಮ್ಮ ದೊಡ್ಡಂವ ಮುಷ್ಕರ ಮುಗದು ಸಾಲಿ ಸುರು ಆದ ಕೂಡ್ಲೇ ಸಾಲಿಗಿ ಹೋಗ್ತಾನ. ಇನ್ನ ನಮ್ಮದು ಒಂದೇ ತಲಿ.”

ದೇವಿದಾಸ ಗಂಟಲು ಸರಿಮಾಡಿಕೊಂಡ. “ಸೇಟ್, ವಿಚಾರ ಮಾಡಿದೆ. ಅಕ್ಕಪಕ್ಕದಾಗ ಇರೋರು ನಾವು. ಮೊದಲಿಂದು ಅರ್ಧರ್ಧನೇ ಚಲೋ ಇತ್ತು ಅನಸ್ತದ.”

ಜೈಪಾಲ ಮೂರನೆಯ ಪೇಡಾಕ್ಕೆ ಕೈ ಚಾಚಿದ.

“ಛೇ ಛೇ, ಅದು ಅನ್ಯಾಯ ಆಗ್ತದ್ರಿ.”