ಹುಳಕ್ಕೆ ಬರ್ರಿ, ಮನುಷ್ಯನಿಗೆ ನಿಲ್ಲು

ನನ್ನ ಸೋದರಮಾವ ಮನೆಗೆ ಬಂದ ಬೀಗರನ್ನು ಎಂದೂ ಬಾಯಿತುಂಬ ಕರೆದವನಲ್ಲ. ಆದರೆ ನೀರುಹುಳ ಕಂಡರೆ ಕೈಮುಗಿದು "ಬರ್ರಿ, ಬರ್ರಿ" ಎನ್ನುತ್ತಿದ್ದ! ಹುಚ್ಚನೇ? ಮಾನ್ವಿಯಿಂದ ದೇವದುರ್ಗದವರೆಗೆ ಅರ್ಧ ಸೀಮೆ ಹಾಗೆಂದೇ ನಂಬಿತ್ತು. ಇನ್ನರ್ಧಕ್ಕೆ ಅವನ ಪರಿಚಯವಿರಲಿಲ್ಲ, ಅಷ್ಟೇ.

ನಾವಿಬ್ಬರೂ ಮಣ್ಣು ಕಡಿಯುವವರು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ನಾಚಿಕೆಯೇನಿಲ್ಲ. ನಾನು ಹಾಕಿದ ದಂಡೆ ಇವತ್ತಿಗೂ ಒಂದು ಬುಟ್ಟಿ ಮಣ್ಣು ಜಾರಿಸಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅರಕೇರಾ ಹತ್ತಿರ ಕುಡಿಯುವ ನೀರಿಗೆಂದು ಹೊಸ ಹೊಂಡ ತೋಡಿದೆವು. ಏಕೆಂದರೆ ಊರಿನ ಮೆಟ್ಟಿಲುಬಾವಿಯಲ್ಲಿ ನಾರುಹುಣ್ಣಿನ ಬೀಜವಿತ್ತು. ಆ ನೀರು ಕುಡಿದವರಿಗೆ ವರ್ಷದ ಮೇಲೆ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ, ಅದೇ ನಾರು, ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಷ್ಟು ಎಳೆಯಬೇಕು. ಮಾವನ ಹೆಂಡತಿ, ನಮ್ಮ ಅತ್ತೆಯ ಕಾಲಲ್ಲಿ ಅದು ಎಳೆಯುವಾಗ ನಡುವೆ ತುಂಡಾಯಿತು. ಕಾಲು ಕೊಳೆತು ಸತ್ತಳು. ಅಂದಿನಿಂದ ಮಾವನಿಗೆ ಒಂದೇ ಹಟ: ಹೊಸ ಹೊಂಡಕ್ಕೆ ನಾರು ಹೊಗಬಾರದು.

ಮಳೆಗೆ ಹೊಂಡ ತುಂಬಿತು. ಮಾವ ದಂಡೆಯ ಮೇಲೆ ಕೋಲು ಹಿಡಿದು ಕುಳಿತ. ಯಾರೇ ಬರಲಿ, "ಕಾಲು ತೋರ್ಸು!" ಬೊಕ್ಕೆಯಿದ್ದವರನ್ನು ನೀರಿಗಿಳಿಯಲು ಬಿಡುತ್ತಿರಲಿಲ್ಲ. ಒಮ್ಮೆ ಊರಗೌಡರೇ ಬಂದರು.

"ನಾ ಯಾರಂತ ಗೊತ್ತದೇನಲೇ?"

"ಮುಖ ಗುರ್ತದ್ರೀ ಯಪ್ಪಾ. ಕಾಲಿಂದು ಇನ್ನಾ ಪರಿಚಯ ಆಗಿಲ್ಲ. ಧೋತ್ರ ಎತ್ರಿ!"

ಬಾವಿಕಟ್ಟೆಯಲ್ಲಿ ನಮ್ಮನ್ನು ಎಲ್ಲರೂ ಜಾತಿ ಕೇಳಿದವರೇ. ಮಾವ ಒಬ್ಬನೇ ಎಲ್ಲರಿಗೂ ಕಾಲು ಕೇಳಿದ.

ಉಳಿದ ಹೊತ್ತೆಲ್ಲ ಹುಳಗಳ ಹಾಜರಿ. ಮೊದಲ ವಾರ ತಲೆಕೆಳಗಾಗಿ ತೂಗುವ ಸೊಳ್ಳೆಮರಿ. ಆಮೇಲೆ ನೀರಿನ ಮೇಲೆಯೇ ಓಡುವ ಉದ್ದಗಾಲಿನವು. ಹಿಂದೆಯೇ ಅಂಗಾತ ಮಲಗಿ ಈಜುವ ಸೋಮಾರಿಗಳು. ಸೊಳ್ಳೆಮರಿಗಳನ್ನು ತಿನ್ನುವಾಗ ಮಾತ್ರ ಸೋಮಾರಿತನವಿಲ್ಲ! ಆಮೇಲೆ ಬೆನ್ನು ಮಿಂಚುವ ಕರಿಹುಳ.

"ಇವನ್ನೆಲ್ಲ ಯಾರು ತಂದ್ರು ಮಾವಾ?"

"ಯಾರು ತರ್ತಾರಲೇ? ಮ್ಯಾಲಿಂದ ನೀರಿನ ಮಿಂಚು ನೋಡಿ ಹಾರಿ ಬರ್ತಾವ. ಕಡೀಕ ಏರೋಪ್ಲೇನ್ ಹುಳ ಬಂದು, ಬಾಲ ಅದ್ದಿ ತತ್ತಿ ಇಟ್ರ ಹೊಂಡ ಒಕ್ಕಲಾತು ಅಂತ ತಿಳಿ. ನಾರಿಗೆ ಮಾತ್ರ ರೆಕ್ಕಿ ಇಲ್ಲ. ಅದು ಮನಷ್ಯಾನ ಕಾಲಾಗ ನಡಕೊಂಡು ಬರ್ತದ."

ಒಂದು ಸಂಜೆ ಹೊಂಡ ನೋಡಲು ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ತೊಳೆದ ಜೀಪು ಫಳಫಳ ಹೊಳೆಯುತ್ತಿತ್ತು. ಕರಿಹುಳವೊಂದು ಮೇಲಿನಿಂದ ಬಂದು ಬಾನೆಟ್ಟಿನ ಮೇಲೆ ಟಪ್ಪೆಂದು ಬಿದ್ದು ಒದ್ದಾಡಿತು. ಮಾವ ಅದನ್ನೆತ್ತಿ ನೀರಿಗೆ ಬಿಟ್ಟು, "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಸರ್ಕಾರದ ಮಿಂಚು ನೋಡಿ ನೀರದ ಅಂತ ನಂಬ್ಯಾದ, ಪಾಪ!" ಎಂದ. ಆಮೇಲೆ ಅವರ ಪ್ಯಾಂಟನ್ನೂ ಮೇಲೆತ್ತಿಸಿದ. ಕಾಲು ಚೊಕ್ಕವಿತ್ತು, ಸಾಕ್ಸಿನಲ್ಲಿ ತೂತಿತ್ತು.

ಎರಡು ತಿಂಗಳಾದರೂ ಏರೋಪ್ಲೇನ್ ಹುಳ ಬರಲಿಲ್ಲ. ಬಂದದ್ದು ಬೊಕ್ಕೆ, ಮಾವನ ಕಾಲಿಗೇ! ಹಿಂದಿನ ವರ್ಷ ಅವನೂ ಬಾವಿಯ ನೀರನ್ನೇ ಕುಡಿದಿದ್ದನಲ್ಲ?

ನಾರಿನ ಉರಿಯೆಂದರೆ ಕಾಲಿಗೆ ಕೆಂಡ ಕಟ್ಟಿದ ಹಾಗೆ. ನೀರಿಗಿಟ್ಟರೆ ಮಾತ್ರ ತಣ್ಣಗಾಗುತ್ತದೆ. ಇಟ್ಟ ಕೂಡಲೇ ನಾರು ಅಲ್ಲಿ ಬೀಜ ಚೆಲ್ಲುತ್ತದೆ. ಮಾವ ಮಲಗಿದ್ದ ಬೇವಿನ ಗಿಡದಿಂದ ಹೊಂಡ ನೂರು ಹೆಜ್ಜೆಯಷ್ಟೇ ದೂರ.

"ಅಳಿಯಾ, ನನ್ನ ಈ ಬೇವಿನ ಗಿಡಕ್ಕ ಕಟ್ಟು."

"ಹುಚ್ಚೇನು ಮಾವಾ? ಕೊಡದಾಗ ನೀರು ತಂದು ಕಾಲಿಗೆ ಹಾಕ್ತೀನಿ."

"ಹಾಕು. ಕಟ್ಟೂ ಕಟ್ಟು. ಜ್ವರ ಏರಿದ್ರ ನಾ ನನ್ನ ಮಾತು ಕೇಳೂದಿಲ್ಲ."

ಹಗ್ಗ ಒತ್ತೀತೆಂದು ನನ್ನ ರುಮಾಲು ಬಿಚ್ಚಿ, ಅದರಿಂದ ಎಳೆದರೆ ಬಿಚ್ಚುವಷ್ಟು ಸಡಿಲಾಗಿ ಕಟ್ಟಿದೆ. "ಗಂಟು ಹಾಕಾಕ ಬರದವ ದಂಡಿ ಹ್ಯಾಂಗ ಹಾಕಿದ್ಯೋ!" ಎಂದು ಬೈದ. ಕಾಲು ಬಾತಿತು, ಕಪ್ಪಾಯಿತು. ಸಂಜೆಯಾದರೆ ಒಂದೇ ಪ್ರಶ್ನೆ: "ಯಾರ್ ಬಂದಾರ ನೋಡಿ ಬಾ." ಹುಳ ನೋಡಿ ನಗುತ್ತಿದ್ದ ನಾನೇ ಮಂಡಿಯೂರಿ ನೀರು ನೋಡತೊಡಗಿದೆ.

ಎಂಟನೆಯ ದಿನ ಓಡಿ ಬಂದೆ. "ಮಾವಾ, ಏರೋಪ್ಲೇನ್ ಹುಳ ಬಂದದ! ಬಾಲ ಅದ್ದಾಕತ್ತದ!"

ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಆಡಿತು. "ಬರ್ರಿ ಅಂದ್ಯಾ?"

"ಇಲ್ಲ."

"ಹೋಗಲೇ. ಮನಿಗೆ ಬಂದವ್ರಿಗೆ ಬರ್ರಿ ಅನಬೇಕು."

ಹೋದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನೀರಿಗೆ ಕೈಮುಗಿದು "ಬರ್ರಿ" ಎಂದೆ. ಹೇಳಿ ಬಂದೆನೆಂದು ತಿಳಿಸಲು ಮರಳಿದಾಗ ಮಾವನ ಉಸಿರು ನಿಂತಿತ್ತು. ರುಮಾಲಿನ ಗಂಟು ನಾನು ಹಾಕಿದಂತೆಯೇ, ಸಡಿಲಾಗಿಯೇ ಇತ್ತು.