ನಿಂತವರ ಬಿಪಿ

ಸೀರೆ ಅಂಗಡಿಯಲ್ಲಿ ಯಾರಾದರೂ ತಲೆಸುತ್ತಿ ಬೀಳದ ಸೀಸನ್ ಇಲ್ಲ. ಬಿದ್ದವರದೇ ತಪ್ಪು ಅಂತ ಮ್ಯಾನೇಜರ್ ಸಾಬೀತು ಮಾಡದ ಸೀಸನ್ನೂ ಇಲ್ಲ. ಆರ್.ಟಿ. ನಗರದ ಒಂದು ಮೂರಂತಸ್ತಿನ ಶೋರೂಮಿನಲ್ಲಿ ಒಂಬತ್ತು ವರ್ಷ ನಿಂತವಳು ನಾನು. ಕೆಲಸ ಮಾಡಿದವಳು ಅಂತಲೂ ಬರೆಯಬಹುದಿತ್ತು, ಆದರೆ ಕೆಲಸಕ್ಕಿಂತ ಹೆಚ್ಚು ಹೊತ್ತು ಮಾಡಿದ್ದು ನಿಲ್ಲುವುದನ್ನೇ. ಕೌಂಟರಿನ ಆ ಕಡೆ ಗಿರಾಕಿಗಳಿಗೆ ಮೆತ್ತನೆಯ ಸ್ಟೂಲು, ಈ ಕಡೆ ನಮಗೆ ನೆಲ. ಊಟದ ಇಪ್ಪತ್ತು ನಿಮಿಷ ಬಿಟ್ಟರೆ ಹನ್ನೊಂದು ಗಂಟೆ ಕೂರುವ ಹಾಗಿಲ್ಲ. ನಾವು ಕೂತರೆ ಗಿರಾಕಿಗೆ ಅವಮಾನವಂತೆ. ಗಿರಾಕಿಯನ್ನು ಯಾರೂ ಕೇಳಿರಲಿಲ್ಲ.

೧. ಎತ್ತಿ ನಿಲ್ಲಿಸಿದ್ದು

ಆಷಾಢದ ಡಿಸ್ಕೌಂಟ್ ಸೇಲ್ ನಡೆಯುತ್ತಿತ್ತು. ನನ್ನ ಕೌಂಟರಿನಲ್ಲಿ ವಯಸ್ಸಿನಲ್ಲಿ ನನಗಿಂತ ಹಿರಿಯಳೊಬ್ಬಳು ಇದ್ದಳು, ನಾನು ಸೇರಿದ ವರ್ಷವೇ ಸೇರಿದವಳು, ಅಬ್ಬಿಗೆರೆಯಿಂದ ಬರುತ್ತಿದ್ದಳು. ನಮಗೆಲ್ಲ ಅವಳು ಅಕ್ಕ. ಆಟೋ ಓಡಿಸುತ್ತಿದ್ದ ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಮಕ್ಕಳ ಸ್ಕೂಲು, ಮನೆಯ ಒಲೆ ಎರಡೂ ಅವಳ ಕೆಲಸದಿಂದಲೇ ನಡೆಯುತ್ತಿದ್ದವು.

ಒಂದು ನಿಶ್ಚಿತಾರ್ಥದ ಮನೆಯವರು ನಲವತ್ತು ಸೀರೆ ಬಿಚ್ಚಿಸಿದರು. ನಲವತ್ತೊಂದನೆಯದಕ್ಕೆ ಕೈ ಹಾಕಿದ ಅಕ್ಕ, ಮಡಿಕೆ ಬಿಚ್ಚಿದ ರೇಷ್ಮೆಯ ಹಾಗೆ ಸದ್ದಿಲ್ಲದೆ ಜಾರಿ ಕೆಳಗಾದಳು. ಮ್ಯಾನೇಜರ್ ಓಡಿಬಂದ.

"ಎತ್ರೀ, ಎತ್ರೀ. ಗಿರಾಕಿಗಳು ನೋಡ್ತಿದ್ದಾರೆ."

ಎತ್ತಿ ನಿಲ್ಲಿಸಿದೆವು. ಬಿದ್ದಳು. ಮತ್ತೆ ನಿಲ್ಲಿಸಿದೆವು. ಮತ್ತೆ ಬಿದ್ದಳು. ಮೂರನೆಯ ಸಲ ನಮಗೇ ಸೊಂಟ ಹಿಡಿದು, ನೆಲದ ಮೇಲೇ ಬಿಟ್ಟೆವು. ಮಲಗಲು ಬಿಟ್ಟ ಒಂದೇ ನಿಮಿಷಕ್ಕೆ ಕಣ್ಣು ಬಿಟ್ಟಳು. ಕೇಳಿದ ಮೊದಲ ಮಾತು, "ಅವ್ರು ನೀಲಿ ತಗೊಂಡ್ರಾ, ಹಸಿರಾ?"

ಮ್ಯಾನೇಜರ್ ಹೇಳಿದ: "ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ ಇದು."

"ನಾಲ್ಕು ಇಡ್ಲಿ ತಿಂದಿದ್ದೀನಿ ಸರ್."

"ನೋಡಿದ್ಯಾ, ಜಾಸ್ತಿ ತಿಂದಿದ್ದೀಯ."

ಸಂಜೆ ಅವಳನ್ನು ಕ್ಯಾಬಿನ್ನಿಗೆ ಕರೆದು, ಇನ್ನೊಂದು ಸಲ ಬಿದ್ದರೆ ಮಾರನೆಯ ದಿನದಿಂದ ಬರಬೇಡ ಅಂದ. ಅಕ್ಕ ಆಚೆ ಬಂದು ನನಗೆ ಹೇಳಿದಳು: "ಬೀಳೋಕ್ ಮುಂಚೆ ರಜಾ ಚೀಟಿ ಕೊಡ್ಬೇಕಿತ್ತೇನೋ ಕಣೇ."

೨. ಕತ್ತಿನ ನರ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಫೇಲು. ಆದರೂ ವಾರದ ರಜೆಯ ದಿನ ಲೈಬ್ರರಿಗೆ ಹೋಗಿ ಪಿಯುಸಿಯ ಜೀವಶಾಸ್ತ್ರದ ಪುಸ್ತಕ ತೆಗೆದೆ. ಅರ್ಥವಾಗದ್ದನ್ನು ಮೂರು ಸಲ ಓದಿದೆ.

ವಿಷಯ ಇಷ್ಟೇ. ನಾವು ನಿಂತ ತಕ್ಷಣ ರಕ್ತ ಕಾಲಿನ ಕಡೆ ಇಳಿಯುತ್ತದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿ, ದವಡೆಯ ಕೆಳಗೆ, ಒತ್ತಡ ಎಷ್ಟಿದೆ ಅಂತ ಸದಾ ನೋಡುವ ನರದ ತುದಿಗಳಿವೆ. ಒತ್ತಡ ಇಳಿಯಿತು ಅಂತ ಅವು ಮಿದುಳಿಗೆ ತಿಳಿಸುತ್ತವೆ. ಮಿದುಳು ಹೃದಯಕ್ಕೆ ಜೋರಾಗಿ ಹೊಡಿ ಅನ್ನುತ್ತದೆ, ರಕ್ತನಾಳಗಳಿಗೆ ಬಿಗಿಯಾಗಿ ಅನ್ನುತ್ತದೆ. ಎದ್ದು ನಿಂತಾಗೆಲ್ಲ ಕೆಲವೇ ಕ್ಷಣದೊಳಗೆ ಇಷ್ಟೂ ಆಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ನಡೆದಾಡಿದರೆ ಮೀನಖಂಡಗಳು ರಕ್ತವನ್ನು ಹಿಂಡಿ ಮೇಲೆ ಕಳಿಸುತ್ತವೆ. ಅಲುಗಾಡದೆ ಗಂಟೆಗಟ್ಟಲೆ ನಿಂತರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಕೊನೆಗೊಮ್ಮೆ ಇಡೀ ವ್ಯವಸ್ಥೆ ತಿರುಗಿಬೀಳುತ್ತದೆ: ಹೃದಯ ನಿಧಾನವಾಗುತ್ತದೆ, ನಾಳಗಳು ಸಡಿಲವಾಗುತ್ತವೆ, ಮನುಷ್ಯ ನೆಲ ಕಾಣುತ್ತಾನೆ. ಮಲಗಿದ ಮೇಲೆ ರಕ್ತ ತಾನಾಗಿ ತಲೆಗೆ ಬರುತ್ತದೆ. ಮಾಲೀಕರು ಕೊಡದ ವಿಶ್ರಾಂತಿಯನ್ನು ದೇಹ ಅರ್ಜಿ ಹಾಕದೆ ತೆಗೆದುಕೊಳ್ಳುತ್ತದೆ. ಬಿದ್ದವಳನ್ನು ಎತ್ತಿ ಎತ್ತಿ ನಿಲ್ಲಿಸಿದ ನಾವೇ ಅವಳನ್ನು ಮತ್ತೆ ಮತ್ತೆ ಕೆಡವಿದ್ದೆವು.

ಇದನ್ನೆಲ್ಲ ಮ್ಯಾನೇಜರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು ಹೇಳಿದ: "ಅಂದ್ರೆ ಅವಳ ನರ ಸರಿಯಾಗಿ ಡ್ಯೂಟಿ ಮಾಡ್ತಿಲ್ಲ. ಅದಕ್ಕೆ ನಾನೇನ್ ಮಾಡ್ಲಮ್ಮ? ನರನ ನಾನು ಅಪಾಯಿಂಟ್ ಮಾಡಿಲ್ಲ."

೩. ಉಪ್ಪಿನಕಾಯಿ

ನಾನು ಗಲಾಟೆ ಬಿಡಲಿಲ್ಲ. ಬಾಯಿ ಮುಚ್ಚಿಸಲಿಕ್ಕೆ ಅಂತ ಒಂದು ದಿನ ಶೋರೂಮಿನಲ್ಲೇ ಆರೋಗ್ಯ ತಪಾಸಣೆ ಮಾಡಿಸಿದರು. ಒಬ್ಬ ನರ್ಸಮ್ಮ ಬಿಪಿ ಮಷೀನು ಹಿಡಿದು ಬಂದರು. ಅಳೆಯುವ ಮುಂಚೆ ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು ಅಂದರು. ಆ ವರ್ಷ ನಮಗೆ ಸಿಕ್ಕ ಕುರ್ಚಿ ಅದೊಂದೇ.

ಕೂತವರ ತಲೆಯ ಹಿಂದೆ ಮ್ಯಾನೇಜರ್ ಕೈ ಕಟ್ಟಿಕೊಂಡು ನಿಂತಿದ್ದ. ಮೊದಲನೆಯವಳ ಬಿಪಿ ಜಾಸ್ತಿ. ಎರಡನೆಯವಳದೂ ಜಾಸ್ತಿ. ಆರನೆಯವಳು ನಾನು, ನನ್ನದು ಎಲ್ಲರಿಗಿಂತ ಜಾಸ್ತಿ. ನರ್ಸಮ್ಮ ಮಷೀನನ್ನು ತಟ್ಟಿ ನೋಡಿದರು. ಅಷ್ಟರಲ್ಲಿ ಫೋನ್ ಬಂದು ಮ್ಯಾನೇಜರ್ ಆಚೆ ಹೋದ. ಏಳನೆಯವಳದು ಸರಿಯಾಗಿತ್ತು, ಎಂಟನೆಯವಳದೂ. ಅವನು ವಾಪಸ್ ಬಂದ. ಒಂಬತ್ತನೆಯವಳಾದ ಅಕ್ಕನದು ಮತ್ತೆ ಮೇಲೆ. ಹೆದರಿಕೆಯಾದರೆ ಮಿದುಳು ಓಡು ಅಂತ ದೇಹಕ್ಕೆ ಹೇಳುತ್ತದೆ, ಒತ್ತಡ ಏರುತ್ತದೆ. ನಾವು ಓಡಲಾಗದೆ ಕೂತಿದ್ದೆವು.

ನರ್ಸಮ್ಮ ಮೆತ್ತಗೆ ಹೇಳಿದರು: "ಸರ್, ನೀವು ಸ್ವಲ್ಪ ದೂರ ಹೋದ್ರೆ ಇವ್ರಿಗೆಲ್ಲ ಮಾತ್ರೆ ಬೇಡ."

ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಎರಡು ವಿಷಯ ಇತ್ತು. ಸಿಬ್ಬಂದಿಯ ಬಿಪಿ ಹೆಚ್ಚಾಗಿರುವುದರಿಂದ ಊಟದ ಡಬ್ಬಿಯಲ್ಲಿ ಉಪ್ಪಿನಕಾಯಿ ತರಬಾರದು. ಅಕ್ಕನಿಗೆ ಬಿಪಿ ಇಳಿಯುವುದಲ್ಲ, ಏರುವುದು. ಆದ್ದರಿಂದ ಅವಳು ಬಿದ್ದದ್ದು ನಾಟಕ.

೪. ತುದಿಗಾಲು

ಕೂರಲು ಬಿಡುವುದಿಲ್ಲ ತಾನೇ, ನಿಂತೇ ರಕ್ತ ಹಿಂಡೋಣ ಅಂದೆ. ಪುಸ್ತಕದಲ್ಲಿದ್ದ ಹಾಗೆ ಎಲ್ಲರಿಗೂ ಕಲಿಸಿದೆ: ತುದಿಗಾಲಲ್ಲಿ ಏರು, ಇಳಿ, ಮೀನಖಂಡ ಬಿಗಿ ಮಾಡು, ಕತ್ತರಿಗಾಲು ಹಾಕಿ ತೊಡೆ ಒತ್ತು. ಅಕ್ಕನಿಗೆ ನಿಜವಾಗಿ ಗುಣ ಕಂಡಿತು. ಎರಡು ತಿಂಗಳು ಬೀಳಲಿಲ್ಲ. ಮಹಡಿ ತುಂಬ ಹೆಂಗಸರು ಕೌಂಟರಿನ ಹಿಂದೆ ಮೆಲ್ಲಗೆ ಏರುತ್ತ ಇಳಿಯುತ್ತ ಸೀರೆ ತೋರಿಸುತ್ತಿದ್ದೆವು.

ಅಮೃತಹಳ್ಳಿಯಿಂದ ಬಂದ ಒಬ್ಬ ಅಜ್ಜಿ ನನ್ನನ್ನೇ ನೋಡಿ ನೋಡಿ ಕೇಳಿದರು: "ಏನವ್ವಾ, ಬಾತ್ರೂಮಿಗೂ ಬಿಡಲ್ವಾ ಇವ್ರು?"

ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಸಿಸಿಟಿವಿಯಲ್ಲಿ ನೋಡಿದ ಮ್ಯಾನೇಜರಿಗೆ ಇದು ಮುಷ್ಕರದ ತಾಲೀಮು ಅನ್ನಿಸಿತು. ಸಂಜೆಗೆ ಹೊಸ ನೋಟಿಸು: ಕೌಂಟರಿನ ಹಿಂದೆ ಯಾರೂ ಅಲುಗಾಡಬಾರದು.

ಅಕ್ಕ ಅದನ್ನು ಓದಿ, "ಉಸಿರಾಡೋದು ಯಾವ್ ಕಡೆ ಬರತ್ತೆ, ಕೇಳ್ಬಿಡು" ಅಂದಳು.

೫. ಸ್ಟೂಲು ಬಂದ ದಿನ

ನಾನು ಕಾರ್ಮಿಕ ಇಲಾಖೆಗೆ ಬರೆದೆ. ಉತ್ತರ ಬರಲಿಲ್ಲ, ಮತ್ತೆ ಬರೆದೆ. ನಾಲ್ಕನೆಯ ಕಾಗದಕ್ಕೆ ಒಬ್ಬ ಅಧಿಕಾರಿ, ಹೆಂಗಸು, ನೋಡಲು ಬರುತ್ತಾರೆ ಅಂತ ತಿಳಿಯಿತು. ತಿಳಿದದ್ದು ನಮಗಿಂತ ಮೊದಲು ಮ್ಯಾನೇಜರಿಗೆ. ಅವತ್ತು ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿ ಕೌಂಟರಿನ ಹಿಂದೆ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು, ಶಾಮಿಯಾನದವರಿಂದ ಬಾಡಿಗೆಗೆ ತಂದವು.

ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಮಾಡಿದ. "ಮೇಡಂ ಕೇಳಿದ್ರೆ, ಬೇಕಾದಾಗ ಕೂತ್ಕೋತೀವಿ ಅನ್ಬೇಕು. ಆದ್ರೆ ಯಾರೂ ಕೂರ್ಬಾರ್ದು. ಗೀರು ಬಿದ್ರೆ ಬಾಡಿಗೆಯವ್ನು ವಾಪಸ್ ತಗೊಳಲ್ಲ." ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ: "ನೀನ್ ಬಿದ್ದೀಯೋ, ಇವತ್ತೇ ಕೊನೆ."

ಮೇಡಂ ಬಂದದ್ದು ಮೂರೂವರೆ ಗಂಟೆ ತಡವಾಗಿ. ಅಷ್ಟು ಹೊತ್ತೂ ಸ್ಟೂಲುಗಳ ಪಕ್ಕದಲ್ಲಿ ಅಲುಗಾಡದೆ ನಿಂತಿದ್ದೆವು. ಮ್ಯಾನೇಜರ್ ಹಲ್ಲು ಬಿಟ್ಟುಕೊಂಡು ಅವರನ್ನು ನಮ್ಮ ಕೌಂಟರಿಗೇ ಕರೆತಂದ. ಅವರು ಅಕ್ಕನನ್ನು ಕೇಳಿದರು: "ಏನಮ್ಮ, ಕೂರೋಕೆ ಬಿಡ್ತಾರಾ?"

ಅಕ್ಕನ ಮುಖ ಸುಣ್ಣವಾಗಿತ್ತು, ತುಟಿಯ ಮೇಲೆ ಬೆವರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಬಿದ್ದರೂ ಹೋಗುತ್ತದೆ. ಅವಳು ಬಾಯಿ ತೆರೆದಳು, ಮಾತಿಗೆ ಮುಂಚೆ ಮೊಣಕಾಲು ಮಡಚಿತು. ಪುಣ್ಯಕ್ಕೆ ಸ್ಟೂಲು ಸರಿಯಾಗಿ ಹಿಂದೆ ಇತ್ತು. ದೊಪ್ಪನೆ ಅದರ ಮೇಲೆ ಕೂತು, ತಲೆಯನ್ನು ಮೊಣಕಾಲಿಗೆ ತಾಗಿಸಿದಳು.

ಬಿಸಿ ತಾಗಿದ ಕೈ ಮಿದುಳನ್ನು ಕೇಳಿ ಹಿಂದೆ ಬರುವುದಿಲ್ಲ. ನಮ್ಮ ಮ್ಯಾನೇಜರನ ನಾಲಿಗೆಯೂ ಹಾಗೇ. ಎಷ್ಟು ವರ್ಷದ ಅಭ್ಯಾಸವೋ, ಮೇಡಂ ಪಕ್ಕದಲ್ಲಿರುವಾಗಲೇ ಹೊರಗೆ ಬಂತು: "ಏಯ್, ಎದ್ದೇಳು. ಯಾರ್ ನಿಂಗೆ ಕೂರಕ್ಕೆ ಹೇಳಿದ್ದು?"

ಮೇಡಂ ಅವನನ್ನೊಮ್ಮೆ ನೋಡಿ, ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

ಆ ಬರಹದಿಂದ ಏನಾಯಿತು ಅಂತಲೂ ಹೇಳಿಬಿಡುತ್ತೇನೆ. ಮೂರು ಜನಕ್ಕೊಂದು ಸ್ಟೂಲು ಬಂತು. ಅಕ್ಕನನ್ನು ತೆಗೆಯುವ ಧೈರ್ಯ ಅವರಿಗೆ ಬರಲಿಲ್ಲ. ನನ್ನನ್ನು ತೆಗೆಯುವ ಧೈರ್ಯ ಒಂದೇ ವಾರದಲ್ಲಿ ಬಂತು. ಈಗ ಯಶವಂತಪುರದಿಂದ ಯಲಹಂಕದವರೆಗೆ ಅಂಗಡಿ ಅಂಗಡಿ ಸುತ್ತಿ ಇದೇ ಜಗಳ ಆಡುತ್ತೇನೆ. ದಿನವಿಡೀ ನಡೆಯುವುದರಿಂದ ನನ್ನ ಬಿಪಿ ಚೆನ್ನಾಗಿದೆ.

ಆದರೆ ಅವತ್ತು, ಮೇಡಂ ಒಂದೊಂದೇ ಸಾಲು ಬರೆಯುತ್ತಿದ್ದಾಗ, ಮ್ಯಾನೇಜರ್ ಬಗ್ಗಿ ಅಕ್ಕನ ಕಿವಿಯ ಹತ್ತಿರ ಬಂದು, "ಏಳಮ್ಮ, ಸಾಕು, ಏಳಮ್ಮ" ಅಂತ ಬೇಡುತ್ತಿದ್ದ. ಅಕ್ಕ ತಲೆ ಎತ್ತಲಿಲ್ಲ. ಮೊಣಕಾಲಿನ ನಡುವಿನಿಂದಲೇ ಹೇಳಿದಳು:

"ಮೇಡಂ, ನೀವು ನಿಧಾನಕ್ಕೆ ಬರ್ಕೊಳಿ. ಒಂಬತ್ತು ವರ್ಷ ಆದ್ಮೇಲೆ ಈಗಷ್ಟೇ ಕೂತಿದ್ದೀನಿ."