ಮೆಟ್ಟಿಲ ಮೇಲಿನ ಇಲಿ

ನಾನು ನಿಂತಿದ್ದದ್ದು ಮೆಟ್ಟಿಲುಗಳ ನಡುವಿನ ತಿರುವಿನಲ್ಲಿ. ಎಡಗೈ ಕಟ್ಟಿಗೆಯ ಕಟಾಂಜನದ ಮೇಲಿತ್ತು, ಬಲಗೈಯಲ್ಲಿ ಕಸಬರಿಗೆ. ಊರು ಲಂಡನ್. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಅಕ್ಟೋಬರಿನ ಶನಿವಾರ, ಸಂಜೆಯ ಚಹಾದ ಹೊತ್ತು. ಇಷ್ಟನ್ನು ಮೊದಲೇ ಖಚಿತಪಡಿಸಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ನಮ್ಮ ಅಥಣಿಯಲ್ಲಿ ನಂಬದವರೇ ಹೆಚ್ಚು. ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳಿಸುವುದಿಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ. ನನ್ನ ವಿಷಯದಲ್ಲಿ ಮಾತ್ರ ನಗುತ್ತಾರೆ.

ರಸಾಯನಶಾಸ್ತ್ರ ಓದಲು ಹೋಗಿದ್ದ ನನಗೆ ಮೊದಲ ವಾರವೆಲ್ಲ ಕೋಣೆ ಹುಡುಕುವುದೇ ಓದಾಗಿತ್ತು. ‘ಕೋಣೆ ಖಾಲಿ ಇದೆ’ ಎಂದು ಹಲಗೆ ತೂಗುಹಾಕಿದ ಮನೆಗಳು ನನ್ನ ಮುಖ ಕಂಡೊಡನೆ ತುಂಬಿಹೋಗುತ್ತಿದ್ದವು. ಕೊನೆಗೆ ಮಿಸೆಸ್ ಹಾರ್ಟನ್ ಎಂಬ ವಿಧವೆ ತಮ್ಮ ಮನೆಯ ಮೇಲಂತಸ್ತನ್ನು ಕೊಟ್ಟರು. ಅವರು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ಆಗ ನನಗೆ ಯಾವ ಇಂಗ್ಲಿಷ್ ಮಾತನ್ನೂ ಮನಸ್ಸಿನಲ್ಲಿ ಅಥಣಿ ಮಾತಿಗೆ ಇಳಿಸಿಕೊಳ್ಳದೆ ತಿಳಿಯುತ್ತಿರಲಿಲ್ಲ. ಹೀಗಾಗಿ ಇಂದಿಗೂ ನೆನಪಿನಲ್ಲಿ ಅವರು ನಮ್ಮ ಸೋದರತ್ತೆಯ ಹಾಗೆಯೇ ಮಾತಾಡುತ್ತಾರೆ.

“ತಮ್ಮಾ, ನಮ್ಮನಿಯಾಗ ಇಲಿ ಹೊಕ್ಕೈತಿ,” ಎಂದರು ಒಂದು ದಿನ. “ನೀ ಬಂದ ಮ್ಯಾಲ ಬಂದೈತಿ. ಮೆಟ್ಟಲದಾಗ ಕಿರ್ ಕಿರ್ ಅಂತೈತಿ.”

ಅವರ ಸಂಶಯ ನನ್ನ ಡಬ್ಬಿಯ ಮೇಲೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಅದರಲ್ಲಿತ್ತು. ಆ ವಾಸನೆಗೆ ಇಲಿಯೇನು, ಇಡೀ ಓಣಿ ಬರಬಹುದಿತ್ತು. ನಾನು ಮುಚ್ಚಳದ ಮೇಲೆ ಎರಡು ದಪ್ಪ ಪುಸ್ತಕ ಹೇರಿದೆ. ಇಲಿ ನಿಲ್ಲಲಿಲ್ಲ.

ವಿಚಿತ್ರವೆಂದರೆ ಅದರ ಸದ್ದು ನನಗೊಬ್ಬನಿಗೇ ಕೇಳುತ್ತಿರಲಿಲ್ಲ. ಉಸಿರು ಹಿಡಿದು ನಿಂತರೆ ಮನೆಯೆಲ್ಲ ಗಪ್‌ಚಿಪ್. ಹುಡುಕಲು ನಾಲ್ಕು ಹೆಜ್ಜೆ ಇಟ್ಟರೆ ಕೆಳಗಿನಿಂದ ಮಿಸೆಸ್ ಹಾರ್ಟನ್, “ಅಕಾ! ಈಗ! ನಿನ್ನ ಬೆನ್ನಿಗೇ ಐತಿ!” ಎಂದು ಕೂಗುವರು. ಹೊರಳಿ ನೋಡಿದರೆ ಏನೂ ಇಲ್ಲ. ನನಗೆ ಭಯಕ್ಕಿಂತ ಕುತೂಹಲ ಹೆಚ್ಚಾಯಿತು. ನಾನು ನಿಂತರೆ ನಿಲ್ಲುವ, ನಡೆದರೆ ನಡೆಯುವ ಇಲಿ! ಇಂಗ್ಲೆಂಡಿನಲ್ಲಿ ಇಲಿಗಳಿಗೂ ಶಿಸ್ತು ಇದೆ ಎಂದು ಬೆರಗಾದೆ. ಮನೆಯ ಮುದಿಬೆಕ್ಕು ಮಾತ್ರ ಇಲಿ ಹುಡುಕುವುದನ್ನು ಬಿಟ್ಟು ಸದಾ ನನ್ನ ಕಾಲ ಹಿಂದೆಯೇ ಸುಳಿಯುತ್ತಿತ್ತು. ಪರದೇಶದಲ್ಲಿ ಒಂದು ಜೀವವಾದರೂ ನನ್ನನ್ನು ಹಚ್ಚಿಕೊಂಡಿತಲ್ಲ ಎಂದು ಸಮಾಧಾನಪಟ್ಟೆ.

ಕೊನೆಗೆ ಮಿಸೆಸ್ ಹಾರ್ಟನ್ ತೀರ್ಪು ಕೊಟ್ಟರು: “ಶನಿವಾರ ಸಂಜಿಕ ಇಲಿ ಸಿಗಲಿಲ್ಲಂದ್ರ ಡಬ್ಬಿನೂ ಹೋಗಬೇಕು, ನೀನೂ ಹೋಗಬೇಕು.” ಮತ್ತೆ ಆ ಹಲಗೆಗಳ ಮುಂದೆ ನಿಲ್ಲುವುದನ್ನು ನೆನೆದು ಅಂದೇ ಒಂದು ಕಸಬರಿಗೆ ಹುಡುಕಿಟ್ಟುಕೊಂಡೆ.

ಆ ಶನಿವಾರ ಕಸಬರಿಗೆ ಹಿಡಿದು ನಾನು ತಿರುವಿನಲ್ಲಿ ಕಾವಲು ನಿಂತಿದ್ದೆ. ಕೆಳಗೆ ಮಿಸೆಸ್ ಹಾರ್ಟನ್, ಅವರ ಕಾಲ ಬಳಿ ಬೆಕ್ಕು. ಬಾಗಿಲ ಗಂಟೆ ಕೇಳಿಸಿತು. ಬಂದವನು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯ ಮಗ ದಸ್ತಗೀರ. ಲಂಡನ್ನಿನ ಇನ್ನೊಂದು ತುದಿಯಲ್ಲಿ ಓದುತ್ತಿದ್ದ, ಚಹಾಕ್ಕೆ ನಾನೇ ಕರೆದಿದ್ದೆ. ಮಿಸೆಸ್ ಹಾರ್ಟನ್ ಬಾಗಿಲು ತೆರೆದರು. ನಾನು ಇಳಿಯತೊಡಗಿದೆ.

“ಬಂತು! ಇಲಿ!” ಎಂದು ಅವರು ಚೀರಿದರು.

“ಅರೇ! ಅಥಣಿ ಚಪ್ಪಲ್!” ಎಂದು ದಸ್ತಗೀರ ಕೂಗಿದ. ಅವನಿನ್ನೂ ತಲೆ ಎತ್ತಿರಲಿಲ್ಲ, ಸದ್ದಷ್ಟೇ ಕೇಳಿದ್ದ. “ಯಾರ ಕಾಲಾಗ ಐತ್ಲೇ ಅದು?”

ಆ ಕ್ಷಣಕ್ಕೇ ಬೆಕ್ಕು ಹಾರಿ ನನ್ನ ಬಲಗಾಲಿನ ಚಪ್ಪಲಿಯನ್ನು ಕಚ್ಚಿಕೊಂಡಿತು.

ನಾನು ಬಗ್ಗಿ ನೋಡಿದೆ. ಮನೆಯ ಹೊರಗೆ ಬೂಟು, ಮನೆಯೊಳಗೆ ಇದೇ ಚಪ್ಪಲಿ. ಹೆಬ್ಬೆರಳು ತೂರಲೆಂದು ಕಾಲುಚೀಲಕ್ಕೆ ತೂತು ಕೂಡ ಮಾಡಿಕೊಂಡಿದ್ದೆ. ಹೊರಡುವ ಮುಂಚೆ ಅಪ್ಪ ಹೇಳಿ ಮಾಡಿಸಿದ ಜೋಡು. ತಳದ ಪದರುಗಳ ನಡುವೆ ಏನೋ ಬೀಜ ಇಟ್ಟು ಹೊಲಿದು, “ಹೆಂಗ ದನಿ ಮಾಡತಾವ ನೋಡ್ರಿ!” ಎಂದು ಚಪ್ಪಲಿ ಹೊಲಿಯುವ ಭೀಮಪ್ಪ ಕಾಕಾ ತಾನೇ ಮೆಟ್ಟಿ ತೋರಿಸಿದ್ದ. ನಮ್ಮಲ್ಲಿ ಕರ್ ಕರ್ ಎನ್ನದ ಚಪ್ಪಲಿಗೆ ಮರ್ಯಾದೆಯಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು, ಕಿವಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದನ್ನು ಮಿಸೆಸ್ ಹಾರ್ಟನ್‌ಗೂ ಬಿಡಿಸಿ ಹೇಳಿದೆ.

“ದನಿ ಬರಲೀ ಅಂತ ಬೇಕಂತ ಮಾಡತಾರ?” ಮಿಸೆಸ್ ಹಾರ್ಟನ್ ಕಣ್ಣರಳಿಸಿ ಕೇಳಿದರು. “ಯಾಕ?”

“ಮನಿ ಮಂದಿಗೆ ಗೊತ್ತಾಗಬೇಕಲ್ರಿ,” ಎಂದೆ. “ಅಪ್ಪನ ಚಪ್ಪಲಿ ಓಣಿ ಮೂಲ್ಯಾಗ ಕೇಳಿಸಿದ ಕೂಡ್ಲೆ ನಾವು ಪುಸ್ತಕ ತಗೀತಿದ್ವಿ.”

ಅವರು ಚಪ್ಪಲಿಯನ್ನು ಕೈಗೆತ್ತಿಕೊಂಡು ಬಾಗಿಸಿದರು. ಅದು ಕಿರ್ ಎಂದಿತು. ಇನ್ನೊಮ್ಮೆ ಬಾಗಿಸಿದರು. “ನನ್ನ ಗಂಡಗ ಇಂಥಾವು ಕೊಡಸಬೇಕಾಗಿತ್ತು. ಅಂವಾ ಬಂದದ್ದು, ಹ್ವಾದದ್ದು ನನಗ ಒಮ್ಮಿನೂ ತಿಳೀಲಿಲ್ಲ.”

ಡಬ್ಬಿಯೂ ಉಳಿಯಿತು, ನಾನೂ ಉಳಿದೆ. ಆಮೇಲೆ ಬೂಟು ಬಿಚ್ಚಿ ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿದರೆ ಕೆಳಗಿನಿಂದ, “ಯಾರದು?” ಎಂದು ಗದರುತ್ತಿದ್ದರು.

ಇದನ್ನು ಕಂಡವರಲ್ಲಿ ಮಿಸೆಸ್ ಹಾರ್ಟನ್ ಈಗಿಲ್ಲ, ಬೆಕ್ಕು ಅವರಿಗಿಂತ ಮೊದಲೇ ಹೋಯಿತು. ಉಳಿದ ಸಾಕ್ಷಿ ನಿಪ್ಪಾಣಿಯ ದಸ್ತಗೀರ ಒಬ್ಬನೇ. ಬೇಕಾದರೆ ಕೇಳಿ ನೋಡಿ. ಆದರೆ ಅವನು ಇಷ್ಟೆಲ್ಲ ಹೇಳುವುದಿಲ್ಲ. “ಇಲಿ ಹಿಡಿಯಾಕ ನಿಂತಾಂವ ತಾನ ಇಲಿ ಆಗಿದ್ದ ನೋಡ್ರಿ,” ಎಂದಷ್ಟೇ ಹೇಳಿ ಮುಗಿಸಿಬಿಡುತ್ತಾನೆ.